ನೋಡುವ ಹಕ್ಕಿ, ತಿನ್ನುವ ಹಕ್ಕಿ

ನಾನು ಬಿ.ಎಸ್ಸಿ. ಪಾಸಾಗುವುದು ಈ ಜನ್ಮದಲ್ಲಿ ಆಗದ ಮಾತು ಎಂದು ಮೊದಲು ಹೇಳಿದವರು ನನ್ನ ಸೋದರಮಾವ ಶಿವಣ್ಣ. ಕುರುಬರಹಳ್ಳಿಯ ನಮ್ಮ ಒಂದೂವರೆ ಕೋಣೆಯ ಮನೆಯಲ್ಲಿ, ಚಾಪೆಯ ಮೇಲೆ ಕಾಲು ಚಾಚಿ, ನಾನು ಕೊಟ್ಟ ಕಾಫಿಯನ್ನೇ ಕುಡಿಯುತ್ತಾ ಹೇಳಿದರು.

“ಅಕ್ಕಾ, ನಮ್ಮ ಮನೇಲಿ ಎಸ್ಸೆಸ್ಸೆಲ್ಸಿ ದಾಟಿದೋರು ಯಾರವ್ರೆ ಹೇಳು? ಇವಳು ಎರಡು ವರ್ಷ ಹೆಂಗೋ ತಳ್ಳಿದ್ಲು. ಕೊನೇ ವರ್ಷ ಅಂದ್ರೆ ಆಟ ಅಲ್ಲ ಕಣಕ್ಕ. ಬೀಳ್ತಾಳೆ. ಬಿದ್ರೆ ಹಿಡ್ಕೊಳೋಕೆ ನಾನಿದೀನಲ್ಲ.”

ಕೂತವರೆಲ್ಲ ನಕ್ಕರು. ತಮಾಷೆ ಅಂತ ನಕ್ಕರೂ ಅದು ತಮಾಷೆಯಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ನಮ್ಮವರಲ್ಲಿ ಅಕ್ಕನ ಮಗಳನ್ನು ಕೇಳುವ ಮೊದಲ ಹಕ್ಕು ತಮ್ಮನದು. ಮಾವನಿಗೆ ಆಗ ಇಪ್ಪತ್ತೊಂಬತ್ತು. ರಾಜಾಜಿನಗರದ ಕಾರ್ಖಾನೆಗಳ ಸಾಲಿನಲ್ಲಿ ಲೇತ್ ಮೆಷಿನ್ ಓಡಿಸುತ್ತಿದ್ದರು. ಕುಡಿತವಿಲ್ಲ, ಜಗಳವಿಲ್ಲ. ಅಪ್ಪ ತೀರಿಕೊಂಡ ಮೇಲೆ ಮನೆಗೆ ರಾಗಿ ಅಕ್ಕಿ ತಂದು ಹಾಕಿದವರೂ ಅವರೇ. ಅವರ ಮಾತನ್ನು ಅಮ್ಮ ತಳ್ಳಿಹಾಕುವಂತಿರಲಿಲ್ಲ. ಕೊನೆಗೆ ತೀರ್ಪು ಕೊಟ್ಟಳು. ಒಂದೇ ಸಲಕ್ಕೆ ಎಲ್ಲ ವಿಷಯ ಪಾಸಾದರೆ ನನ್ನ ದಾರಿ ನನ್ನದು. ಒಂದರಲ್ಲಿ ಫೇಲಾದರೂ ಶ್ರಾವಣದಲ್ಲಿ ಮದುವೆ.

ನಾನು ಒಪ್ಪಿಕೊಂಡೆ. ನನ್ನ ತಂಗಿ ಜಯ, ಹದಿನೆಂಟು ತುಂಬಿ ಎರಡನೇ ಪಿಯುಸಿಯಲ್ಲಿದ್ದವಳು, ಮೂಲೆಯಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ತಲೆ ಎತ್ತಿ ನನ್ನನ್ನೊಮ್ಮೆ, ಮಾವನನ್ನೊಮ್ಮೆ ನೋಡಿದಳು. ನಾನು ದಾಟಿದರೆ ನನ್ನ ಹಿಂದೆಯೇ ಅವಳನ್ನೂ ದಾಟಿಸಿಬಿಡಬೇಕು ಎಂದು ಅವತ್ತೇ ಮನಸ್ಸಿನಲ್ಲಿ ಅಂದುಕೊಂಡೆ.

ಅದಾಗಿ ಎಷ್ಟೋ ವರ್ಷಗಳಾದ ಮೇಲೆ, ಕಳೆದ ತಿಂಗಳು, ವಿಜಯನಗರದಲ್ಲಿ ತರಕಾರಿ ಚೀಲ ಹಿಡಿದು ಬರುತ್ತಿದ್ದಾಗ ಪಂಜರದ ಹಕ್ಕಿ ಮಾರುವ ಅಂಗಡಿಯೊಂದರ ಮುಂದೆ ಕಾಲು ನಿಂತಿತು. ನವಣೆಯ ಹೊಟ್ಟು, ಒದ್ದೆ ಪೇಪರ್, ಹಿಕ್ಕೆ, ಮೂರೂ ಕಲೆತ ಹುಳಿ ವಾಸನೆ. “ಬೇಕಾ ಆಂಟಿ? ಜೋಡಿ ಕೊಡ್ತೀನಿ,” ಎಂದ ಅಂಗಡಿಯವನು. ಬೇಡಪ್ಪ ಅಂದೆ. ಆದರೆ ಅಲ್ಲಿಂದ ಮನೆ ಸೇರುವವರೆಗೂ ಎಪ್ಪತ್ತರ ದಶಕದ ಆ ಒಂದು ವರ್ಷ ನನ್ನ ಜೊತೆಗೇ ನಡೆದು ಬಂತು.

ಕಾಲೇಜು ಶುರುವಾಗಿದ್ದು ಜುಲೈಯಲ್ಲಿ. ಆ ಸಲ ಮಳೆ ಜೋರಿರಲಿಲ್ಲ, ಆದರೆ ಬಿಟ್ಟೂ ಕೊಡಲಿಲ್ಲ. ದಿನವಿಡೀ ಜಿನುಗುತ್ತಿತ್ತು. ಊದುಬತ್ತಿ ಒಣಗದೆ ಅಮ್ಮ ಒಲೆಯ ಸುತ್ತ ಹರಡಿಡುತ್ತಿದ್ದಳು. ಇದ್ದಿಲಪುಡಿ, ಜಿಗಟು, ಮರದ ಪುಡಿ ಕಲಸಿದ ಕಪ್ಪು ಮಸಾಲೆಯನ್ನು ಮಣೆಯ ಮೇಲೆ ಕಡ್ಡಿಗೆ ಹೊಸೆಯುವುದು ನಮ್ಮ ಮೂವರ ಕೆಲಸ. ಬೆಳಿಗ್ಗೆ ನನ್ನ ಪಾಲು ಮುಗಿಸಿ, ಕೈ ತೊಳೆದು, ಕಾಲೇಜಿಗೆ ನಡೆದು ಹೋಗುತ್ತಿದ್ದೆ. ಎಷ್ಟು ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ.

ಪ್ರಾಣಿಶಾಸ್ತ್ರದ ಲೆಕ್ಚರರ್‌ಗೆ ನಾವು ಮೂರ್ತಿ ಸಾರ್ ಅನ್ನುತ್ತಿದ್ದೆವು. ಅವರು ತಮ್ಮ ಡಾಕ್ಟರೇಟಿಗೆ ಹಕ್ಕಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಹಕ್ಕಿಯೊಂದು ತಾನೇ ಅನುಭವಿಸಿ ಕಲಿಯುವುದಕ್ಕೂ, ಇನ್ನೊಂದರ ಅನುಭವವನ್ನು ನೋಡಿ ಕಲಿಯುವುದಕ್ಕೂ ಇರುವ ವ್ಯತ್ಯಾಸ ಅವರ ವಿಷಯ. ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಯನ್ನು ಅದಕ್ಕೆ ಹಾಕಿಕೊಳ್ಳುತ್ತಿದ್ದರು. ಇಲ್ಲವೆನ್ನುವ ಹಾಗಿರಲಿಲ್ಲ. ಕೊನೆಯ ವರ್ಷದ ರೆಕಾರ್ಡ್ ಪುಸ್ತಕಕ್ಕೆ ಅವರ ಸಹಿ ಬೀಳದೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ.

ಸಹಿ ಬೀಳದಿದ್ದರೆ ಏನಾಗುತ್ತದೆ ಎಂದು ನಮ್ಮ ಕ್ಲಾಸಿಗೆಲ್ಲ ಗೊತ್ತಿತ್ತು, ಯಾಕೆಂದರೆ ವನಜಾಕ್ಷಿ ನಮ್ಮ ಜೊತೆಗೇ ಕೂತಿದ್ದಳು. ಹಿಂದಿನ ವರ್ಷ ಅವಳೇ ಮೂರ್ತಿ ಸಾರ್ ಪ್ರಯೋಗದ ವಿದ್ಯಾರ್ಥಿನಿ. ಅಂಕಿಗಳನ್ನು ತಿದ್ದು ಅಂದಾಗ ತಿದ್ದಲಿಲ್ಲವಂತೆ. ಅವಳ ರೆಕಾರ್ಡ್ ಪುಸ್ತಕ ಮೇಜಿನ ಡ್ರಾಯರಿನಲ್ಲೇ ಉಳಿಯಿತು, ಪರೀಕ್ಷೆ ಮುಗಿದುಹೋಯಿತು. ಈಗ ಮತ್ತೆ ಅದೇ ಬೆಂಚು. ಸಾರ್ ಕ್ಲಾಸಿಗೆ ಬಂದಾಗಲೆಲ್ಲ ಅವಳ ಕಡೆ ತಿರುಗಿ, “ಹರಿಶ್ಚಂದ್ರನ ಮೊಮ್ಮಗಳು ಬಂದಿದಾಳಾ?” ಎನ್ನುವರು. ನಾವು ನಲವತ್ತು ಜನ ನಗುತ್ತಿದ್ದೆವು. ನಾನೂ ನಗುತ್ತಿದ್ದೆ.

ಈ ಸಲ ಬೆರಳು ನನ್ನ ಕಡೆ ತಿರುಗಿತು. “ಏನಮ್ಮ ಸಾವಿತ್ರಿ, ನಿಮ್ಮ ಮನೇಲಿ ಓದಿದೋರು ಯಾರೂ ಇಲ್ಲ ಅಲ್ವಾ? ಹಾಗಾದ್ರೆ ಹೇಳಿದ್ದು ಕೇಳ್ತೀಯ. ನೀನೇ ಬಾ.”

ಹಕ್ಕಿ ಹಿಡಿದು ತಂದುಕೊಡುತ್ತಿದ್ದವನು ಅಟೆಂಡರ್ ಅಂಜನಪ್ಪ. ಮಾಗಡಿ ರಸ್ತೆಯಾಚೆ ಶ್ರೀಗಂಧದ ಕಾವಲಿನ ಕಡೆ ಆಗ ಹುಲ್ಲು, ರಾಗಿ ಹೊಲ. ಅಲ್ಲಿ ಗುಬ್ಬಚ್ಚಿಗಿಂತ ಚಿಕ್ಕದಾದ, ಹೊಟ್ಟೆಯ ತುಂಬ ಚುಕ್ಕಿಯಿರುವ ರಾಟವಾಳ ಹಕ್ಕಿಗಳು ಹಿಂಡುಹಿಂಡಾಗಿ ಇಳಿಯುತ್ತಿದ್ದವು. ಪಳಗಿದ ಒಂದು ಹಕ್ಕಿಯನ್ನು ಬಲೆಯ ನಡುವೆ ಕಾಳು ತಿನ್ನಲು ಬಿಟ್ಟರೆ ಅಂಜನಪ್ಪನ ಕೆಲಸ ಅರ್ಧ ಆದಂತೆ. “ಅದು ತಿನ್ನೋದ ನೋಡ್ತವೆ, ಇಳೀತವೆ ಕಣವ್ವ. ಬಲೆ ಐತೆ ಅಂತ ಅದು ಹೇಳಾಕಾಯ್ತದಾ?” ಎಂದು ಬೀಡಿ ಹಚ್ಚುತ್ತಿದ್ದ.

ಲ್ಯಾಬಿನ ಹಿಂದಿನ ಉದ್ದ ಕೋಣೆಯಲ್ಲಿ ಪಂಜರಗಳು. ಪ್ರತಿ ಪಂಜರದ ನಡುವೆ ತಂತಿಬಲೆಯ ಗೋಡೆ. ಬಲಗಡೆ ತಿನ್ನುವ ಹಕ್ಕಿ, ಎಡಗಡೆ ನೋಡುವ ಹಕ್ಕಿ. ತಿನ್ನುವುದರ ಮುಂದೆ ಎರಡು ಬಟ್ಟಲು, ಒಂದು ಕೆಂಪು, ಒಂದು ನೀಲಿ. ಕೊಕ್ಕು ಎಷ್ಟು ಸಲ ಯಾವುದಕ್ಕೆ ಹೋಯಿತು ಎಂದು ಎಣಿಸಿ ಬರೆಯುವುದು ನನ್ನ ಕೆಲಸ.

ಮೊದಲ ವಾರವೇ ಎಡವಟ್ಟಾಯಿತು. ಹಕ್ಕಿಗಳು ಯಾವ ಬಟ್ಟಲಿನಿಂದಲೂ ತಿನ್ನಲಿಲ್ಲ. ಒಂದೆರಡು ಕಾಳು ಬಾಯಿಗೆ ಹಾಕಿ, ತಲೆ ಕೊಡವಿ, ಕೊಕ್ಕನ್ನು ಕಡ್ಡಿಗೆ ಉಜ್ಜಿ ದೂರ ಹೋದವು. ಮೂರು ದಿನ ಹೀಗೇ. ಎರಡು ಹಕ್ಕಿ ಹಸಿದು ಸತ್ತವು. ನಾಲ್ಕನೇ ದಿನ ಸಾರ್ ನವಣೆಯ ಕಾಳನ್ನು ಬಿಳಿ ಕಾಗದದ ಮೇಲೆ ಸುರಿದು ಬೆರಳಲ್ಲಿ ಹರಡಿದರು. ಕಾಗದದ ಮೇಲೆ ಕಪ್ಪು ಗೆರೆ. ಬಟ್ಟಲಿಗೆ ಕಾಳು ತುಂಬುವಾಗ ನನ್ನ ಕೈಯ ಊದುಬತ್ತಿ ಮಸಾಲೆ ಅದಕ್ಕೆ ಹತ್ತಿತ್ತು.

ಸಾರ್ ನನ್ನನ್ನು ಕ್ಲಾಸಿಗೆ ಕರೆದುಕೊಂಡು ಹೋಗಿ, ಎಲ್ಲರೆದುರು ಎರಡೂ ಕೈ ಮುಂದೆ ಚಾಚಲು ಹೇಳಿದರು. “ನೋಡ್ರಿ, ಇದು ವಿಜ್ಞಾನದ ಕೈ. ಬಿ.ಎಸ್ಸಿ. ಬೇಕಂತೆ ಈ ಕೈಗೆ.” ಪೀರಿಯಡ್ ಮುಗಿಯುವವರೆಗೂ ಹಾಗೇ ನಿಲ್ಲಿಸಿದರು. ಮಾರನೆಯ ದಿನದಿಂದ ಇಡೀ ಕ್ಲಾಸು ಉಗುರು ಕತ್ತರಿಸಿಕೊಂಡು ಬರತೊಡಗಿತು.

ಮನೆಯಲ್ಲಿ ನಾನು ಹೇಳಲಿಲ್ಲ, ಆದರೆ ಕೈಯನ್ನು ಸೀಗೆಪುಡಿ ಹಾಕಿ ಚರ್ಮ ಕೆಂಪಾಗುವ ಹಾಗೆ ಉಜ್ಜುತ್ತಿದ್ದುದನ್ನು ಜಯ ನೋಡಿದಳು. ಮಣೆಯನ್ನು ನನ್ನ ಮುಂದಿನಿಂದ ಎಳೆದುಕೊಂಡಳು.

“ಕೊಡಕ್ಕ, ನಿನ್ನ ಪಾಲು ನಾನು ಹೊಸೀತೀನಿ.”

“ನಿಂಗೆ ಕಾಲೇಜಿಲ್ವೇನೇ?”

“ಮೊದಲನೇ ಪೀರಿಯಡ್ ಇಂಗ್ಲಿಷು. ಹೋಗ್ದಿದ್ರೂ ನಡೆಯತ್ತೆ.”

ಮೊದಲನೇ ಪೀರಿಯಡ್ ಹೋಯಿತು, ಆಮೇಲೆ ಎರಡನೆಯದು, ದಸರೆ ಹೊತ್ತಿಗೆ ಅವಳು ಕಾಲೇಜಿಗೆ ಹೋಗುತ್ತಿದ್ದುದು ವಾರಕ್ಕೆ ಮೂರು ದಿನ. ನನಗೆ ಗೊತ್ತಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ನನ್ನ ಕೈ ಬಿಳಿಯಾಗಿತ್ತು, ಸುಮ್ಮನಿದ್ದೆ.

ಸೆಪ್ಟೆಂಬರ್, ಅಕ್ಟೋಬರ್ ಸಾರ್‌ಗೆ ಸುಗ್ಗಿ. ಆಗಿನ ಪ್ರಯೋಗ ಸುಲಭದ್ದು. ಬಟ್ಟಲಿನ ಬಾಯಿಗೆ ತೆಳು ಕಾಗದ ಕಟ್ಟಿ, ಹರಿದು ತಿನ್ನುವುದನ್ನು ಒಂದು ಹಕ್ಕಿಗೆ ಅಭ್ಯಾಸ ಮಾಡಿಸುವುದು. ಅದು ಕಲಿಯಲು ಆರು ದಿನ ಹಿಡಿಯಿತು. ಪಕ್ಕದಲ್ಲಿ ಕೂತು ನೋಡಿದ ಹಕ್ಕಿಗೆ ಬಟ್ಟಲು ಕೊಟ್ಟರೆ ಅದೇ ದಿನ ಕಾಗದ ಹರಿಯಿತು. ಹತ್ತು ಜೋಡಿಯಲ್ಲಿ ಎಂಟು ಜೋಡಿ ಹೀಗೇ. ಸಾರ್ ನನ್ನ ಬೆನ್ನು ತಟ್ಟಿ ಕ್ಯಾಂಟೀನಿನಿಂದ ಕಾಫಿ ತರಿಸಿಕೊಟ್ಟರು. ಹಕ್ಕಿಗಳೂ ನನಗೆ ಒಗ್ಗಿದವು. ಬಾಗಿಲು ತೆಗೆದು ಕೈ ಒಳಗಿಟ್ಟರೆ ಬೆರಳ ಮೇಲೆ ಬಂದು ಕೂರುತ್ತಿದ್ದವು.

ನವೆಂಬರಿನಲ್ಲಿ ರಾಗಿ ತೆನೆ ಕಂದಿತು, ಚಳಿ ಬಂತು, ಪ್ರಯೋಗದ ಎರಡನೆಯ ಭಾಗ ಬಂತು. ಕೆಂಪು ಬಟ್ಟಲಿನ ಕಾಳನ್ನು ಕ್ವಿನೈನಿನಲ್ಲಿ ನೆನೆಸಿಡುವುದು. ತಿನ್ನುವ ಹಕ್ಕಿ ಕಹಿ ತಿಂದು ತಲೆ ಕೊಡವುತ್ತದೆ, ಕೊಕ್ಕು ಉಜ್ಜುತ್ತದೆ. ಇದನ್ನು ನೋಡಿದ ಹಕ್ಕಿ, ತನ್ನ ಸರದಿ ಬಂದಾಗ, ಕೆಂಪು ಬಟ್ಟಲನ್ನು ಮುಟ್ಟಬಾರದು. ಸಾರ್ ಡಾಕ್ಟರೇಟ್ ಪ್ರಬಂಧದ ಅರ್ಧ ಈ ಒಂದು ಮಾತಿನ ಮೇಲೆ ನಿಂತಿತ್ತು.

ಹಕ್ಕಿಗಳು ಸೀದಾ ಕೆಂಪು ಬಟ್ಟಲಿಗೇ ಹೋದವು. ಅಲ್ಲಿ ಇನ್ನೊಂದು ತಿಂದದ್ದನ್ನು ನೋಡಿದ್ದವಲ್ಲ, ಅಲ್ಲಿ ಕಾಳಿದೆ ಎಂದಷ್ಟೇ ಅವಕ್ಕೆ ಗೊತ್ತು. ತಲೆ ಕೊಡವಿದ್ದು ಯಾಕೆಂದು ತಿಳಿಯಲು ಪ್ರತಿಯೊಂದೂ ತಾನೇ ತಿಂದು ತಾನೇ ತಲೆ ಕೊಡವಬೇಕಾಯಿತು.

ಕಸ ಗುಡಿಸಲು ಬಂದ ಅಂಜನಪ್ಪ ನಕ್ಕ. “ಹೊಟ್ಟೆ ತುಂಬೋದ ನೋಡಿ ಕಲೀತವೆ ತಾಯಿ. ಹೊಟ್ಟೆ ಕೆಡೋದ ತಿಂದೇ ಕಲೀಬೇಕು. ನಾನು ಬಲೆ ಹಾಕ್ತಾ ಇರೋದು ಇದೇ ಧೈರ್ಯದ ಮ್ಯಾಲೆ.”

ಸಾರ್‌ಗೆ ಇದು ಬೇಕಿರಲಿಲ್ಲ. ಕ್ವಿನೈನ್ ಹೆಚ್ಚಿಸು ಎಂದರು. ಹೆಚ್ಚಿಸಿದೆ. ತಿನ್ನುವ ಹಕ್ಕಿಗಳು ರೆಕ್ಕೆ ಇಳಿಬಿಟ್ಟು ಕೂತವು, ನೋಡುವವು ಮತ್ತೆ ಅಲ್ಲಿಗೇ ಹೋದವು. ಇನ್ನೂ ಹೆಚ್ಚಿಸಿದೆ. ಬೆಳಿಗ್ಗೆ ಬಂದರೆ ಪಂಜರದ ತಳದಲ್ಲಿ ಕಾಲು ಮೇಲಾಗಿ ಬಿದ್ದಿರುತ್ತಿದ್ದವು, ಅಂಜನಪ್ಪ ಹೊಸವನ್ನು ತರುತ್ತಿದ್ದ. ನಾನು ಕರೆದೆನೆಂದು ಒಂದು ವಾರ ವನಜಾಕ್ಷಿಯೂ ನನ್ನ ಪಕ್ಕ ಕೂತು ಎಣಿಸಿದಳು. ಇಬ್ಬರ ಲೆಕ್ಕವೂ ಒಂದೇ. ಅವಳು ಪೆನ್ನು ಮುಚ್ಚಿಟ್ಟು ಹೇಳಿದಳು, “ಇನ್ನು ನಿನ್ನನ್ನ ಕರೀತಾರೆ ಕಣೇ. ನನಗೆ ಏನಾಯ್ತು ಅಂತ ನೋಡಿದೀಯಲ್ಲ. ಏನ್ಮಾಡ್ತೀಯೋ ನಿಂಗೆ ಬಿಟ್ಟಿದ್ದು.”

ಡಿಸೆಂಬರಿನ ಒಂದು ಮಧ್ಯಾಹ್ನ ಕರೆದರು. ನಾನು ಬುತ್ತಿ ಮರೆತು ಬಂದಿದ್ದೆ. ಅದನ್ನು ತಂದ ಜಯ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಸಾರ್ ಅವಳನ್ನು ಗಮನಿಸಲಿಲ್ಲ, ಗಮನಿಸಿದರೂ ಲೆಕ್ಕಕ್ಕಿಡಲಿಲ್ಲ. ನನ್ನ ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಿಸಾಡಿದರು.

“ಇದೇನಮ್ಮ ಇದು? ಎಣಿಸೋಕೂ ಬರಲ್ವಾ? ಬತ್ತಿ ಎಣಿಸ್ತೀಯಲ್ಲ ಮನೇಲಿ.”

“ಸಾರ್, ನೋಡಿದ್ದನ್ನೇ ಬರ್ದಿದೀನಿ.”

“ಹೌದಾ? ಹಿಂದಿನ ವರ್ಷ ಒಬ್ಬಳು ಹಿಂಗೇ ನೋಡಿದ್ದಳು. ಅವಳ ಪಕ್ಕದಲ್ಲಿ ಇನ್ನೊಂದು ಜಾಗ ಖಾಲಿ ಇದೆ. ಬೇಕಾ?”

ನನ್ನ ರೆಕಾರ್ಡ್ ಪುಸ್ತಕ ಅವರ ಮೊಣಕೈ ಕೆಳಗಿತ್ತು. ನಾನು ರಬ್ಬರ್ ತೆಗೆದುಕೊಂಡೆ. ಪೆನ್ಸಿಲಿನ ಅಂಕಿಗಳನ್ನು ಒಂದೊಂದಾಗಿ ಅಳಿಸಿದೆ. ಸಾರ್ ಹೇಳುತ್ತ ಹೋದರು, ನಾನು ಶಾಯಿಯಲ್ಲಿ ಬರೆಯುತ್ತ ಹೋದೆ. ಕೆಂಪು, ಸೊನ್ನೆ. ಕೆಂಪು, ಒಂದು. ಕೆಂಪು, ಸೊನ್ನೆ. ಎರಡು ಪುಟ ತುಂಬಿತು. ಅವರು ಅಲ್ಲೇ ರೆಕಾರ್ಡಿಗೆ ಸಹಿ ಹಾಕಿದರು. ತಿರುಗಿ ನೋಡಿದರೆ ಜಯ ಬುತ್ತಿಯನ್ನು ಎದೆಗೆ ಒತ್ತಿ ಹಿಡಿದು ಹಾಗೇ ನಿಂತಿದ್ದಳು.

ಸಂಜೆ ಮನೆಗೆ ನಡೆಯುವಾಗ ಕೇಳಿದಳು. “ಅಕ್ಕ, ನೀನು ಬರೆದಿದ್ದು ಸರಿ ಇತ್ತು ತಾನೆ?”

“ಹೂಂ.”

“ಮತ್ತ್ಯಾಕೆ ಅಳಿಸ್ದೆ?”

ನಡುರಸ್ತೆಯಲ್ಲಿ ಅವಳ ಕೆನ್ನೆಗೆ ಬಾರಿಸಿದೆ. ಸೈಕಲ್ಲಿನವನೊಬ್ಬ ತಿರುಗಿ ನೋಡಿದ. ಜಯ ಅಳಲಿಲ್ಲ. ಬುತ್ತಿ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ನನ್ನಿಂದ ಎರಡು ಹೆಜ್ಜೆ ಹಿಂದೆ ನಡೆದಳು. ಮನೆ ಬರುವವರೆಗೂ ಅದೇ ದೂರ.

ಸಂಕ್ರಾಂತಿ ಕಳೆದ ವಾರ ಪ್ರಯೋಗ ಮುಗಿಯಿತು. ಹದಿನೈದು ಹಕ್ಕಿ ಉಳಿದಿದ್ದವು. ಬಿಟ್ಟುಬಿಡೋಣವಾ ಸಾರ್ ಎಂದೆ. “ಎಲ್ಲಿ ಬಿಡ್ತೀಯ? ಪಳಗಿದ ಹಕ್ಕಿ, ಹೊರಗೆ ಹೋದ್ರೂ ಕಾಗೆ ಪಾಲು. ಜೂನಿಯರ್ಸ್‌ಗೆ ಡಿಸೆಕ್ಷನ್‌ಗೆ ಬರುತ್ತೆ. ಜಾಡಿಗೆ ಹಾಕು.” ಅಂಜನಪ್ಪ ರಜೆಯಲ್ಲಿದ್ದ. ಇದ್ದಿದ್ದರೂ ಮಾಡುತ್ತಿರಲಿಲ್ಲವೇನೋ. ಹಿಡಿಯುವವನೇ ಹೊರತು ಕೊಲ್ಲುವವನಲ್ಲ ಎಂದು ಅವನಿಗೆ ಜಂಬವಿತ್ತು.

ಹತ್ತು ಗಂಟೆಯ ಬಿಸಿಲು ಕಿಟಕಿಯಿಂದ ನೇರ ಬೀಳುತ್ತಿತ್ತು. ಎಲ್ಲ ಹಕ್ಕಿಗಳನ್ನೂ ಒಂದೇ ದೊಡ್ಡ ಪಂಜರಕ್ಕೆ ಬಿಟ್ಟಿದ್ದರು. ಅಗಲ ಬಾಯಿಯ ಗಾಜಿನ ಜಾಡಿಯಲ್ಲಿ ಹತ್ತಿ ಹಾಕಿ ಕ್ಲೋರೋಫಾರ್ಮ್ ಸುರಿದೆ. ಬಾಗಿಲು ತೆಗೆದು ಕೈ ಇಟ್ಟೆ. ಮೊದಲನೆಯದು ದಿನದಂತೆ ಹಾರಿ ಬಂದು ಬೆರಳ ಮೇಲೆ ಕೂತಿತು. ಮುಷ್ಟಿ ಮುಚ್ಚಿ, ಜಾಡಿಗೆ ಬಿಟ್ಟು, ಮುಚ್ಚಳ ಹಾಕಿದೆ. ಅದು ಗಾಜಿಗೆ ನಾಲ್ಕು ಸಲ ಬಡಿದು ಕೂತಿತು. ಎರಡನೆಯದೂ ಬೆರಳಿಗೆ ಬಂತು. ಮೂರನೆಯದು ಬಂದು, ಬೆರಳ ತುದಿಯಲ್ಲಿ ನಿಂತು, ಜಾಡಿಯ ಕಡೆ ಕತ್ತು ಓರೆ ಮಾಡಿತು. ಅದನ್ನೂ ಹಾಕಿದೆ.

ನಾಲ್ಕನೆಯದಕ್ಕೆ ಕೈ ಇಟ್ಟರೆ ಯಾವುದೂ ಬರಲಿಲ್ಲ. ಹನ್ನೆರಡೂ ಪಂಜರದ ಮೂಲೆಗೆ ಹೋಗಿ ಒಂದರ ಮೇಲೊಂದು ಒತ್ತಿಕೊಂಡಿದ್ದವು. ಆರು ತಿಂಗಳು ಕಾಳು ಕೊಟ್ಟ ಕೈ ಅದೇ. ಅವುಗಳಲ್ಲಿ ಒಂದನ್ನೂ ನಾನು ಇನ್ನೂ ಮುಟ್ಟಿರಲಿಲ್ಲ, ಕ್ಲೋರೋಫಾರ್ಮು ಅವುಗಳಿಗೆ ತಾಗಿರಲಿಲ್ಲ. ನೋಡಿದ್ದವು, ಅಷ್ಟೇ. ಸಾರ್ ವರ್ಷಗಟ್ಟಲೆ ಹುಡುಕಿದ ಫಲಿತಾಂಶ ನನ್ನ ಕಣ್ಣೆದುರು ಮೂಲೆಯಲ್ಲಿ ನಡುಗುತ್ತಿತ್ತು. ಅದನ್ನು ಬರೆಯಲು ನೋಟ್‌ಬುಕ್ಕಿನಲ್ಲಿ ಕಾಲಂ ಇರಲಿಲ್ಲ. ಮೂಲೆಯಿಂದ ಒಂದೊಂದಾಗಿ ಕಿತ್ತು ತೆಗೆದೆ. ಕೊನೆಯದು ಕೈಯಲ್ಲಿ ಹಿಕ್ಕೆ ಹಾಕಿತು. ಮಧ್ಯಾಹ್ನದ ಕ್ಲಾಸಿಗೆ ತಪ್ಪದೆ ಹೋದೆ.

ಪ್ರಾಕ್ಟಿಕಲ್ ಪರೀಕ್ಷೆ ಏಪ್ರಿಲ್ಲಿನ ಸುಡುವ ಬಿಸಿಲಿನಲ್ಲಿ. ಹೊರಗಿನಿಂದ ಬಂದಿದ್ದ ಪರೀಕ್ಷಕರು ವಯಸ್ಸಾದವರು, ಮೃದು ಮಾತು. ಈ ಸಲ ವನಜಾಕ್ಷಿಗೂ ಸಹಿ ಬಿದ್ದಿತ್ತು. ಅವಳೂ ನಾನೂ ಒಂದೇ ಮೇಜಿನ ಎರಡು ತುದಿಯಲ್ಲಿ ನಿಂತಿದ್ದೆವು. ಮೂರ್ತಿ ಸಾರ್ ತಮ್ಮ ಪ್ರಯೋಗದ ವಿಚಾರ ತೆಗೆದರು. ಪರೀಕ್ಷಕರು ಕುತೂಹಲದಿಂದ, ಹತ್ತಿರವಿದ್ದ ವನಜಾಕ್ಷಿಯ ಕಡೆ ತಿರುಗಿದರು.

“ಕಹಿ ಕಾಳನ್ನ ಹಕ್ಕಿ ನೋಡೇ ಬಿಟ್ಟುಬಿಡುತ್ತಾ? ನೀನೇನು ಹೇಳ್ತೀಯಮ್ಮ?”

“ಇಲ್ಲ ಸಾರ್. ತಿಂದು ನೋಡದೆ ಬಿಡಲ್ಲ. ನಾವಿಬ್ಬರೂ ಎಣಿಸಿದೀವಿ.”

ಪರೀಕ್ಷಕರು ನನ್ನತ್ತ ನೋಡಿದರು. “ಹೌದೇನಮ್ಮ? ಪ್ರಯೋಗ ಮಾಡಿದವಳು ನೀನಂತೆ.”

ವನಜಾಕ್ಷಿ ನನ್ನನ್ನು ನೋಡುತ್ತಿದ್ದಳು. ನನಗೆ ಶ್ರಾವಣ ಕಂಡಿತು, ಚಾಪೆಯ ಮೇಲೆ ಚಾಚಿದ ಕಾಲು ಕಂಡಿತು. “ಇಲ್ಲ ಸಾರ್,” ಎಂದೆ. “ನೋಡಿ ಬಿಟ್ಟುಬಿಡುತ್ತವೆ. ಅವರು ಒಂದು ವಾರ ಮಾತ್ರ ಬಂದಿದ್ದರು. ಸರಿಯಾಗಿ ಎಣಿಸಿಲ್ಲ.”

ವನಜಾಕ್ಷಿ ತನ್ನ ಕತ್ತರಿ, ಚಿಮಟ, ಸೂಜಿಗಳನ್ನು ಬಟ್ಟೆಯಲ್ಲಿ ಒರೆಸಿ, ಒಂದೊಂದಾಗಿ ಪೆಟ್ಟಿಗೆಯಲ್ಲಿಟ್ಟು ಹೊರಟುಹೋದಳು. ಜೂನಿನಲ್ಲಿ ನೋಟಿಸ್ ಬೋರ್ಡಿಗೆ ಹಾಕಿದ ಪಟ್ಟಿಯಲ್ಲಿ ನನ್ನ ನಂಬರು ಫಸ್ಟ್ ಕ್ಲಾಸ್ ಎಂಬ ತಲೆಬರಹದ ಕೆಳಗಿತ್ತು. ಅವಳ ನಂಬರು ಎಲ್ಲೂ ಇರಲಿಲ್ಲ. ಆಮೇಲೆ ಅವಳನ್ನು ನಾನು ನೋಡಲಿಲ್ಲ, ಹುಡುಕಲೂ ಇಲ್ಲ.

ನಮ್ಮ ಬೀದಿಯಲ್ಲಿ ಡಿಗ್ರಿ ಮಾಡಿದ ಮೊದಲ ಹೆಣ್ಣು ನಾನು. ನಮ್ಮ ವಂಶದಲ್ಲಿ ಗಂಡಸರನ್ನೂ ಸೇರಿಸಿ ಮೊದಲನೆಯವಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದೆ. ಆ ಹೆಮ್ಮೆ ನನಗೆ ಇವತ್ತಿಗೂ ಇದೆ, ಅದನ್ನು ಬಿಟ್ಟುಕೊಡುವವಳೂ ಅಲ್ಲ. ಅದು ಹೇಗೆ ಬಂತೆಂದು ಮಾತ್ರ ಯಾವ ಮಕ್ಕಳಿಗೂ ಹೇಳಲಿಲ್ಲ.

ಪಾಸಾದ ಸರ್ಟಿಫಿಕೇಟನ್ನು ಕಾಲೇಜಿನ ಆಫೀಸಿನಲ್ಲಿ ಕೊಟ್ಟ ದಿನ ತುಂತುರು ಮಳೆ. ಸೆರಗಿನೊಳಗೆ ಇಟ್ಟುಕೊಂಡು ಬಹುತೇಕ ಓಡಿಯೇ ಬಂದೆ. ಅಮ್ಮನ ಎರಡೂ ಕೈ ಮಸಾಲೆಯಲ್ಲಿದ್ದವು. “ನಾನು ಮುಟ್ಟಲ್ಲ ಕಣೇ, ಕರೆಯಾದೀತು. ಜಯಂಗೆ ಕೊಡು, ಓದ್ತಾಳೆ,” ಎಂದಳು. ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಯೆಲ್ಲ ಕಪ್ಪು ಮಾಡಿಕೊಂಡಳು.

ಜಯ ಹಿತ್ತಲಿಗೆ ಹೋಗಿ ಕೈ ತೊಳೆದು, ಒರೆಸಿಕೊಂಡು ಬಂದಳು. ಹಾಜರಿ ಸಾಲದೆ ಅವಳು ಪಿಯುಸಿ ಪರೀಕ್ಷೆಗೆ ಕೂರಲಾಗಿರಲಿಲ್ಲ. ಈ ಸಲ ನಾನೇ ಮಣೆ ಹಿಡಿಯುತ್ತೇನೆ, ನೀನು ಕಾಲೇಜಿಗೆ ಹೋಗು ಎಂದು ಹೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಸರ್ಟಿಫಿಕೇಟನ್ನು ಅವಳ ಕೈಗೆ ಕೊಟ್ಟೆ. ಅವಳು ನನ್ನ ಹೆಸರು, ಅಪ್ಪನ ಹೆಸರು, ಕ್ಲಾಸು, ಎಲ್ಲವನ್ನೂ ಅಮ್ಮನಿಗೆ ಕೇಳುವಂತೆ ಗಟ್ಟಿಯಾಗಿ ಓದಿದಳು. ಹುಷಾರಾಗಿ ಕಾಗದದ ನಡುವೆ ಇಟ್ಟು ನನಗೆ ವಾಪಸು ಕೊಟ್ಟಳು.

“ಈಗ ನಿನ್ನ ಸರದಿ ಕಣೇ,” ಎಂದೆ.

“ಬೇಡಕ್ಕ. ಬೆಳಿಗ್ಗೆ ಮಾವ ಬಂದಿದ್ರು, ನನ್ನ ಮದ್ವೆಗೆ ಕೇಳಿದ್ರು. ಹೂಂ ಅಂದೆ. ಓದೋದು ಹೆಂಗೆ ಅಂತ ನಿನ್ನ ನೋಡಿದೆನಲ್ಲ, ನಂಗೆ ಅಷ್ಟು ಸಾಕು.”